ಫ್ಯಾಕ್ಸ್ ಸರ್ವರ್ ಮತ್ತು ಒಂದು ಹೆಚ್ಚಿನ ಸೊನ್ನೆ

ಓದುಗರ ಪ್ರಶ್ನೆ: "ಕಲಬುರಗಿಯಲ್ಲಿ ನಾವು ಏಳು ಜನ ವಕೀಲರು, ಇಬ್ಬರು ಲೆಕ್ಕಪರಿಶೋಧಕರು ಸೇರಿ ಒಂದೇ ಕಚೇರಿ ನಡೆಸುತ್ತಿದ್ದೇವೆ. ಹನ್ನೊಂದು ಕಂಪ್ಯೂಟರ್‌ಗಳಿಗೆ ವಿಂಡೋಸ್‌ನ ಒಂದೇ ಫ್ಯಾಕ್ಸ್ ಸರ್ವರ್ ಇದೆ. ಅದಕ್ಕೆ ಒಂದು ಮೋಡೆಮ್, ಒಂದು ಫೋನ್ ಲೈನ್. ಮೊದಲು ಈ ಲೈನ್ ಕಚೇರಿಯ ಇಪಿಎಬಿಎಕ್ಸ್ (ಒಳಗಿನ ಫೋನುಗಳನ್ನು ಹೊರಗಿನ ಲೈನಿಗೆ ಜೋಡಿಸುವ ಪೆಟ್ಟಿಗೆ) ಮೂಲಕ ಬರುತ್ತಿತ್ತು, ಹೊರಗಿನ ಲೈನ್ ಹಿಡಿಯಲು ಸೊನ್ನೆ ಒತ್ತಬೇಕಿತ್ತು. ಎರಡು ತಿಂಗಳ ಹಿಂದೆ ಫೈಬರ್ ಸಂಪರ್ಕ ಬಂದಾಗ ಮೋಡೆಮ್‌ನ ವೈರನ್ನು ಫೈಬರ್ ಪೆಟ್ಟಿಗೆಯ ಫೋನ್ ಪೋರ್ಟಿಗೆ ನೇರವಾಗಿ ಹಾಕಿದರು. ಅಂದಿನಿಂದ ಊರೊಳಗಿನ ನಂಬರುಗಳಿಗೆ ಫ್ಯಾಕ್ಸ್ ಹೋಗುತ್ತದೆ, ಬೀದರ್, ಯಾದಗಿರಿ, ಹೈದರಾಬಾದ್‌ಗೆ ಹೋಗುವುದಿಲ್ಲ. ಬೆಂಗಳೂರಿಗೆ ಹಿರಿಯ ವಕೀಲರ ಕಂಪ್ಯೂಟರ್‌ನಿಂದ ಮಾತ್ರ ಹೋಗುತ್ತದೆ, ಉಳಿದವರಿಗೆ 'ಉತ್ತರವಿಲ್ಲ' ಎಂದೇ ಬರುತ್ತದೆ. ಒಬ್ಬರು ಮೋಡೆಮ್ ಕೆಟ್ಟಿದೆ ಎಂದರು, ಇನ್ನೊಬ್ಬರು ಫೈಬರ್ ಮೇಲೆ ಫ್ಯಾಕ್ಸ್ ನಡೆಯುವುದೇ ಇಲ್ಲ ಎಂದರು. ಕಳೆದ ವಾರ ನಮ್ಮೂರಿನ ಹಿರಿಯರೊಬ್ಬರು ಕರೆ ಮಾಡಿ, ನಿಮ್ಮ ನಂಬರಿನಿಂದ ನಮ್ಮ ಮನೆಗೆ ಮೇಲಿಂದ ಮೇಲೆ ಫೋನ್ ಬಂದು ಕುಂಯ್ ಎಂದು ಸದ್ದಾಗುತ್ತಿದೆ ಎಂದು ಬೇಸರಪಟ್ಟುಕೊಂಡರು. ನಾವು ಕಳಿಸುವುದು ಕಕ್ಷಿದಾರರ ಕಾಗದಪತ್ರ. ಏನು ಮಾಡಬೇಕು?"

ಉತ್ತರ: ನಿಮ್ಮ ಚಿಂತೆ ಎರಡು. ಒಂದು, ಹೋಗಬೇಕಾದ ಕಾಗದ ಹೋಗುತ್ತಿಲ್ಲ. ಇನ್ನೊಂದು, ಅದು ಬೇರೆಲ್ಲಿಗೋ ಹೋಗುತ್ತಿರಬಹುದು. ಎರಡನೆಯದೇ ಹೆಚ್ಚು ಗಂಭೀರವಾದದ್ದು, ಅದನ್ನು ನೀವಾಗಿಯೇ ಗುರುತಿಸಿದ್ದು ಒಳ್ಳೆಯದಾಯಿತು. ಇಪಿಎಬಿಎಕ್ಸ್ ಮತ್ತು ಫ್ಯಾಕ್ಸ್ ಲೈನ್‌ಗಳನ್ನು ನಮ್ಮ ಭಾಗದ ಕಚೇರಿಗಳಲ್ಲಿ ಬಹಳ ವರ್ಷ ನೋಡಿಕೊಂಡು ಬಂದವನಾಗಿ ಹೇಳುವುದಾದರೆ, ನೀವು ಬರೆದ ಲಕ್ಷಣಗಳೆಲ್ಲ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಹೊಸ ಮೋಡೆಮ್ ಕೊಳ್ಳುವ ಮೊದಲು ಒಂದು ಸೊನ್ನೆಯ ಲೆಕ್ಕವನ್ನು ಸರಿಪಡಿಸಿ ನೋಡಿ.

ಮೋಡೆಮ್ ಕೆಟ್ಟಿಲ್ಲ ಎಂದು ನಾನು ಧೈರ್ಯವಾಗಿ ಹೇಳಲು ಕಾರಣ ಸರಳವಾಗಿದೆ. ಕೆಟ್ಟ ಮೋಡೆಮ್‌ಗೆ ಕಲಬುರಗಿ ಯಾವುದು, ಬೀದರ್ ಯಾವುದು ಎಂಬ ಭೇದ ಗೊತ್ತಿರುವುದಿಲ್ಲ. ಊರೊಳಗೆ ಹತ್ತು ಪುಟ ಸಲೀಸಾಗಿ ಕಳಿಸಿದ ಯಂತ್ರ ಬೀದರಿಗೆ ಒಂದು ಪುಟವನ್ನೂ ಕಳಿಸದಿದ್ದರೆ, ತೊಂದರೆ ಇರುವುದು ಅದು ಒತ್ತುತ್ತಿರುವ ಅಂಕಿಗಳಲ್ಲಿ. ಅದೇ ಬೆಂಗಳೂರಿನ ನಂಬರಿಗೆ ಒಂದು ಕಂಪ್ಯೂಟರ್‌ನಿಂದ ಫ್ಯಾಕ್ಸ್ ಹೋಗಿ, ಇನ್ನೊಂದರಿಂದ ಹೋಗದಿದ್ದರೆ ಈ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ, ಏಕೆಂದರೆ ಎರಡೂ ಕಂಪ್ಯೂಟರ್‌ಗಳು ಬಳಸುವುದು ಅದೇ ಮೋಡೆಮ್, ಅದೇ ಲೈನ್, ಅದೇ ಫೈಬರ್.

ನಂಬರಿನ ರಚನೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ನಮ್ಮ ಊರಿನ ಕೋಡನ್ನು ನಾವು 08472 ಎಂದೇ ಬಾಯಿಪಾಠ ಮಾಡಿಕೊಂಡಿದ್ದೇವೆ. ಅಂಗಡಿಯ ಬೋರ್ಡಿನಿಂದ ಹಿಡಿದು ಲಗ್ನಪತ್ರಿಕೆಯವರೆಗೆ ಹಾಗೆಯೇ ಬರೆಯುತ್ತೇವೆ. ಬೀದರ್ 08482, ಯಾದಗಿರಿ 08473. ಆದರೆ ದೂರವಾಣಿ ವ್ಯವಸ್ಥೆಯ ಲೆಕ್ಕದಲ್ಲಿ ಊರಿನ ಕೋಡ್ ಎಂದರೆ 8472, 8482, 8473 ಮಾತ್ರ. ಮುಂದಿನ ಸೊನ್ನೆ ಕೋಡಿನ ಭಾಗವಲ್ಲ. 'ಇದು ಪರಊರಿನ ಕರೆ' ಎಂದು ಎಕ್ಸ್‌ಚೇಂಜಿಗೆ ಹೇಳುವ ಗುರುತು ಅದು. ಆ ಸೊನ್ನೆಯನ್ನು ಬಿಟ್ಟರೆ ದೇಶದ ಯಾವ ಸ್ಥಿರ ದೂರವಾಣಿ ನಂಬರಿಗೂ ಹತ್ತೇ ಅಂಕಿ: ನಮ್ಮಲ್ಲಿ ನಾಲ್ಕಂಕಿಯ ಕೋಡಿಗೆ ಆರಂಕಿಯ ನಂಬರು, ಬೆಂಗಳೂರಿನಲ್ಲಿ 80 ಎಂಬ ಎರಡಂಕಿಯ ಕೋಡಿಗೆ ಎಂಟಂಕಿಯ ನಂಬರು. ಒಂದು ಸೊನ್ನೆ ಇದ್ದರೆ ಎಸ್‌ಟಿಡಿ, ಎರಡು ಸೊನ್ನೆ ಇದ್ದರೆ ಐಎಸ್‌ಡಿ. ನಿಮ್ಮ ಕಚೇರಿಯ ತೊಡಕೆಲ್ಲ ಈ ಒಂದು ಮತ್ತು ಎರಡರ ನಡುವೆ ಇದೆ.

ಈಗ ಸರ್ವರ್‌ನ ಒಳಗೆ ನೋಡಿ. ಕಂಟ್ರೋಲ್ ಪ್ಯಾನೆಲ್‌ನ 'ಫೋನ್ ಆ್ಯಂಡ್ ಮೋಡೆಮ್' ವಿಭಾಗದಲ್ಲಿ 'ಡಯಲಿಂಗ್ ರೂಲ್ಸ್' ಎಂಬ ಪುಟವಿದೆ. ಅಲ್ಲಿ ನಿಮ್ಮ ಊರಿನ ಹೆಸರಿನಲ್ಲಿ ಒಂದು 'ಲೊಕೇಶನ್' ಇರುತ್ತದೆ. ಅದನ್ನು ತೆರೆದರೆ ದೇಶ, ಏರಿಯಾ ಕೋಡ್, ಅವುಗಳ ಕೆಳಗೆ ಹೊರಗಿನ ಲೈನ್ ಹಿಡಿಯಲು ಏನು ಒತ್ತಬೇಕು ಎಂದು ಕೇಳುವ ಎರಡು ಖಾನೆಗಳು ಕಾಣುತ್ತವೆ. ಒಂದು ಖಾನೆ ಲೋಕಲ್ ಕರೆಗೆ, ಇನ್ನೊಂದು ದೂರದ ಕರೆಗೆ. ಇವೆರಡೂ ಬೇರೆ ಬೇರೆ ಖಾನೆಗಳು ಎಂಬುದನ್ನು ಗಮನದಲ್ಲಿಡಿ. ನಿಮ್ಮ ಹಳೆಯ ಇಪಿಎಬಿಎಕ್ಸ್ ಹೊರಗಿನ ಲೈನಿಗೆ ಸೊನ್ನೆ ಕೇಳುತ್ತಿದ್ದ ಕಾಲದಲ್ಲಿ ಎರಡರಲ್ಲಿಯೂ ಸೊನ್ನೆ ಇದ್ದಿರಬೇಕು. ಲೈನ್ ನೇರವಾದ ಮೇಲೆ ಯಾರೋ ಲೋಕಲ್ ಖಾನೆಯ ಸೊನ್ನೆಯನ್ನು ಅಳಿಸಿದ್ದಾರೆ, ಆದ್ದರಿಂದಲೇ ಊರೊಳಗೆ ಫ್ಯಾಕ್ಸ್ ಹೋಗುತ್ತಿದೆ. ದೂರದ ಕರೆಯ ಖಾನೆಯ ಸೊನ್ನೆಯನ್ನು ಹಾಗೆಯೇ ಬಿಟ್ಟಿದ್ದಾರೆ. ಬಿಟ್ಟವರನ್ನು ದೂರುವಂತಿಲ್ಲ. 'ದೂರದ ಕರೆಗೆ ಏನು ಒತ್ತಬೇಕು' ಎಂದು ಕೇಳಿದರೆ, ಹುಟ್ಟಿದಾಗಿನಿಂದ ಎಸ್‌ಟಿಡಿಗೆ ಸೊನ್ನೆ ಒತ್ತಿದ ಯಾರಿಗಾದರೂ ಅಲ್ಲಿ ಸೊನ್ನೆ ಇರುವುದೇ ಸರಿ ಎನ್ನಿಸುತ್ತದೆ. ಆದರೆ ಆ ಖಾನೆ ಕೇಳುತ್ತಿರುವುದು ಇಪಿಎಬಿಎಕ್ಸ್‌ನ ಅಂಕಿಯನ್ನು. ದೇಶ ಎಂಬಲ್ಲಿ ಭಾರತವನ್ನು ಆರಿಸಿದ ಮೇಲೆ ಎಸ್‌ಟಿಡಿಯ ಸೊನ್ನೆಯನ್ನು ವಿಂಡೋಸ್ ತಾನಾಗಿಯೇ ಸೇರಿಸಿಕೊಳ್ಳುತ್ತದೆ.

ಹಾಗಾಗಿ ನಿಮ್ಮ ಮೋಡೆಮ್ ಬೀದರಿಗೆ ಒತ್ತುತ್ತಿರುವುದು ಬಹುತೇಕ ಹೀಗೆ: ಖಾನೆಯ ಒಂದು ಸೊನ್ನೆ, ವಿಂಡೋಸ್ ಸೇರಿಸಿದ ಇನ್ನೊಂದು ಸೊನ್ನೆ, ಆಮೇಲೆ 8482. ಎಕ್ಸ್‌ಚೇಂಜಿಗೆ ಕೇಳುವುದು 00, 84, 82 ಎಂದು. 00 ಎಂದರೆ ವಿದೇಶದ ಕರೆ, 84 ಎಂದರೆ ವಿಯೆಟ್ನಾಂ ದೇಶದ ಕೋಡ್. ಕಲಬುರಗಿ, ಬೀದರ್, ಯಾದಗಿರಿ ಮೂರರ ಕೋಡೂ 84ರಿಂದಲೇ ಆರಂಭವಾಗುವುದರಿಂದ, ಒಂದು ಸೊನ್ನೆ ಹೆಚ್ಚಾದರೆ ಈ ಮೂರೂ ಊರುಗಳ ಫ್ಯಾಕ್ಸ್ ವಿಯೆಟ್ನಾಂ ಕಡೆಗೆ ಮುಖ ಮಾಡುತ್ತದೆ. ಹೈದರಾಬಾದಿನ 040 ಇದೇ ರೀತಿ 0040 ಆದರೆ ಅದು ರೊಮೇನಿಯಾ. ನಿಮ್ಮ ಲೈನಿನಲ್ಲಿ ಐಎಸ್‌ಡಿ ಬಂದ್ ಆಗಿದ್ದರೆ 'ಈ ಸೌಲಭ್ಯ ನಿಮ್ಮ ದೂರವಾಣಿಗೆ ಲಭ್ಯವಿಲ್ಲ' ಎಂಬ ಅರ್ಥದ ಮುದ್ರಿತ ಧ್ವನಿಯೊಂದು ಕೇಳಿಬರುತ್ತದೆ. ಮೋಡೆಮ್‌ಗೆ ಆ ಮಾತು ಅರ್ಥವಾಗುವುದಿಲ್ಲ. ಅದು ಕಾಯುತ್ತಿರುವುದು ಎದುರಿನ ಫ್ಯಾಕ್ಸ್ ಯಂತ್ರದ 2100 ಹರ್ಟ್ಸ್ ಸದ್ದಿಗಾಗಿ. ಅದು ಬಾರದಿದ್ದಾಗ 'ಉತ್ತರವಿಲ್ಲ' ಎಂದು ಬರೆದು ಮುಗಿಸುತ್ತದೆ. ಬೀದರಿನವರು ಕಚೇರಿಯಲ್ಲಿಲ್ಲ ಎಂದು ನೀವು ಅಂದುಕೊಳ್ಳುತ್ತೀರಿ, ಅವರ ಫೋನ್ ರಿಂಗ್ ಆಗಿಯೇ ಇರುವುದಿಲ್ಲ.

ಹಿರಿಯ ವಕೀಲರ ಕಂಪ್ಯೂಟರ್ ಏಕೆ ಬೇರೆ? ಫ್ಯಾಕ್ಸ್ ಬರೆಯುವ ಕಿಟಕಿಯಲ್ಲಿ 'ಡಯಲಿಂಗ್ ರೂಲ್' ಎಂಬ ಆಯ್ಕೆಯಿದೆ. ಅಲ್ಲಿ ಯಾವ ನಿಯಮವನ್ನೂ ಆರಿಸದಿದ್ದರೆ ಬರೆದ ಅಂಕಿಗಳೇ ಬರೆದಂತೆ ಹೋಗುತ್ತವೆ. ಅವರು ಬಹುಶಃ 080 ಸೇರಿಸಿ ಪೂರ್ತಿ ನಂಬರನ್ನು ತಾವೇ ಟೈಪ್ ಮಾಡುತ್ತಾರೆ, ಅದು ಹಾಗೆಯೇ ಹೋಗಿ ಬೆಂಗಳೂರನ್ನು ಮುಟ್ಟುತ್ತದೆ. ಉಳಿದವರು ವಿಳಾಸ ಪುಸ್ತಕದಿಂದ ಹೆಸರನ್ನು ಆರಿಸುತ್ತಾರೆ. ಅಲ್ಲಿ ನಂಬರು +91, ಆಮೇಲೆ ಆವರಣದಲ್ಲಿ ಊರಿನ ಕೋಡ್, ಆಮೇಲೆ ನಂಬರು ಎಂಬ ಪೂರ್ಣ ರೂಪದಲ್ಲಿ ಇರುತ್ತದೆ. ಈ ರೂಪ ಕಂಡಾಗ ಮಾತ್ರ ವಿಂಡೋಸ್ ಲೊಕೇಶನ್ನಿನ ನಿಯಮವನ್ನು ಅನ್ವಯಿಸುತ್ತದೆ, ನಿಯಮದಲ್ಲಿ ತಪ್ಪಿದ್ದರೆ ಆ ತಪ್ಪನ್ನೂ ಸೇರಿಸುತ್ತದೆ. ವಿಳಾಸ ಪುಸ್ತಕವನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡವರಿಗೇ ಹೆಚ್ಚು ತೊಂದರೆಯಾಗಿದೆ ಎಂಬುದು ನನಗೆ ಬೇಸರದ ಸಂಗತಿ.

ಆ ಹಿರಿಯರ ಮನೆಯ ವಿಷಯ. ಬೀದರಿನ ಎಷ್ಟೋ ಲೆಟರ್‌ಹೆಡ್‌ಗಳಲ್ಲಿ ಆರಂಕಿಯ ನಂಬರು ಮಾತ್ರ ಅಚ್ಚಾಗಿರುತ್ತದೆ, ಏಕೆಂದರೆ ಅಲ್ಲಿಯವರಿಗೆ ಅಷ್ಟು ಸಾಕು. ನಿಮ್ಮ ಕಚೇರಿಯಲ್ಲಿ ಯಾರೋ ಅದನ್ನು ನೋಡಿಕೊಂಡು, ಕೋಡ್ ಇಲ್ಲದೆ, ನಿಯಮವನ್ನೂ ಆರಿಸದೆ ಟೈಪ್ ಮಾಡಿದ್ದಾರೆ. ಆಗ ಅದು ಕಲಬುರಗಿಯದೇ ನಂಬರಾಯಿತು, ಅದೇ ಆರಂಕಿ ಇರುವ ಮನೆಯೊಂದು ಇಲ್ಲಿಯೂ ಇದೆ. ಆ ಮನೆಯವರು ರಿಸೀವರ್ ಎತ್ತಿದಾಗ ಅರ್ಧ ಸೆಕೆಂಡಿನ ಒಂದು ಕುಂಯ್, ಸುಮಾರು ಮೂರು ಸೆಕೆಂಡಿನ ಮೌನ, ಮತ್ತೆ ಕುಂಯ್. ಕರೆ ಮಾಡಿದ ಫ್ಯಾಕ್ಸ್ ಯಂತ್ರ ತನ್ನ ಗುರುತು ಹೇಳುವ ಬಗೆ ಅದು. ಉತ್ತರ ಬಾರದಿದ್ದರೆ ಸರ್ವರ್ ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಮತ್ತೆ ಪ್ರಯತ್ನಿಸುತ್ತದೆ. ರಿಯಾಯಿತಿ ದರವಿರಲಿ ಎಂದು ಯಾರಾದರೂ ಕಳಿಸುವ ಸಮಯವನ್ನು ರಾತ್ರಿಗೆ ನಿಗದಿಪಡಿಸಿದ್ದರೆ, ಆ ಮನೆಯವರ ನಿದ್ದೆ ಹಾಳು. ಸಮಾಧಾನದ ಮಾತೆಂದರೆ, ಅಲ್ಲಿ ಫ್ಯಾಕ್ಸ್ ಯಂತ್ರವಿಲ್ಲದ್ದರಿಂದ ನಿಮ್ಮ ಕಾಗದದ ಒಂದು ಸಾಲೂ ಅವರಿಗೆ ಸಿಕ್ಕಿಲ್ಲ. ಆದರೆ ಆ ನಂಬರಿನಲ್ಲಿ ಯಂತ್ರವಿದ್ದಿದ್ದರೆ ಜಾಮೀನು ಅರ್ಜಿಯ ಪ್ರತಿ ಅಪರಿಚಿತರ ಟೇಬಲ್ಲಿನ ಮೇಲೆ ಬಿದ್ದಿರುತ್ತಿತ್ತು, ನಿಮ್ಮ ಸರ್ವರ್ ಅದನ್ನು 'ಯಶಸ್ವಿ' ಎಂದು ಬರೆದುಕೊಂಡಿರುತ್ತಿತ್ತು.

ನನ್ನ ಊಹೆಯನ್ನು ನಂಬಿ ಏನನ್ನೂ ಬದಲಾಯಿಸಬೇಡಿ, ಮೊದಲು ಕಿವಿಯಿಂದ ಕೇಳಿ. ಮೋಡೆಮ್‌ನ ವೈರನ್ನು ತೆಗೆದು ಅದೇ ಪೋರ್ಟಿಗೆ ಒಂದು ಸಾಧಾರಣ ಫೋನ್ ಸಿಕ್ಕಿಸಿ, ಬೀದರಿನ ಫ್ಯಾಕ್ಸ್ ನಂಬರನ್ನು 08482 ಸೇರಿಸಿ ಕೈಯಿಂದ ಒತ್ತಿ. ಎದುರಿನಿಂದ ಉದ್ದನೆಯ ಚೂಪು ಸದ್ದು ಬಂದರೆ ಲೈನ್ ಸರಿಯಿದೆ, ಎಸ್‌ಟಿಡಿ ತೆರೆದಿದೆ, ಬೀದರಿನವರ ಯಂತ್ರವೂ ಸರಿಯಿದೆ. ಮೂರು ಸಂಶಯಗಳು ಎರಡು ನಿಮಿಷದಲ್ಲಿ ಕಳೆಯುತ್ತವೆ. ಆಮೇಲೆ ಮೋಡೆಮ್‌ನ ವೈರನ್ನು ವಾಪಸ್ ಹಾಕಿ, ಅದರ ಸ್ಪೀಕರ್ ಸದ್ದನ್ನು ಏರಿಸಿ, ಅದೇ ನಂಬರಿಗೆ ವಿಳಾಸ ಪುಸ್ತಕದಿಂದ ಒಂದು ಖಾಲಿ ಮುಖಪುಟವನ್ನು ಕಳಿಸಿ ಎಣಿಸಿ. ಬೀದರಿಗೆ ಸರಿಯಾಗಿ ಹನ್ನೊಂದು ಸಲ ಬೀಪ್ ಕೇಳಬೇಕು. ಹನ್ನೆರಡು ಕೇಳಿದರೆ ಹೆಚ್ಚಿನ ಸೊನ್ನೆ ಸಿಕ್ಕಿತೆಂದೇ ತಿಳಿಯಿರಿ. ಎಂಥೆಂಥದೋ ಉಪಕರಣಗಳನ್ನು ಹೊತ್ತುಕೊಂಡು ಹೋಗಿದ್ದೇನೆ, ಈ ಎಣಿಕೆಯಷ್ಟು ಬೇಗ ಉತ್ತರ ಕೊಟ್ಟದ್ದು ಬೇರೊಂದಿಲ್ಲ.

ಸರಿಪಡಿಸುವಾಗ ಕ್ರಮ ಮುಖ್ಯ. ಮೊದಲು ಸರ್ವರ್‌ನ ಸರದಿಯಲ್ಲಿ ಕಾಯುತ್ತಿರುವ ಹಳೆಯ ಫ್ಯಾಕ್ಸ್‌ಗಳನ್ನು ತೆಗೆದುಹಾಕಿ; ಇಲ್ಲದಿದ್ದರೆ ನೀವು ಪರೀಕ್ಷಿಸುತ್ತಿರುವಾಗಲೇ ಅವು ನಡುವೆ ನುಗ್ಗಿ ಗೊಂದಲ ಮಾಡುತ್ತವೆ. ಮರುಪ್ರಯತ್ನದ ಸಂಖ್ಯೆಯನ್ನು ತಾತ್ಕಾಲಿಕವಾಗಿ ಒಂದಕ್ಕೆ ಇಳಿಸಿ. ಬಳಿಕ ಲೊಕೇಶನ್ ತೆರೆದು, ದೇಶ ಭಾರತ, ಏರಿಯಾ ಕೋಡ್ ಸೊನ್ನೆಯಿಲ್ಲದ 8472, ಹೊರಗಿನ ಲೈನಿನ ಎರಡೂ ಖಾನೆಗಳು ಖಾಲಿ, ಟೋನ್ ಡಯಲಿಂಗ್ ಎಂದು ಮಾಡಿ. ಅಲ್ಲಿ ಒಂದಕ್ಕಿಂತ ಹೆಚ್ಚು ಲೊಕೇಶನ್‌ಗಳಿದ್ದರೆ ಯಾವುದಕ್ಕೆ ಗುರುತು ಬಿದ್ದಿದೆ ಎಂದು ನೋಡಿ. ಒಂದು ಕಚೇರಿಯಲ್ಲಿ ತಂತ್ರಜ್ಞರು ಎಲ್ಲವನ್ನೂ ಸರಿಯಾಗಿ ಬರೆದು ಹೊಸ ಲೊಕೇಶನ್ ಮಾಡಿದ್ದರು, ಆದರೆ ಚಾಲ್ತಿಯಲ್ಲಿ ಹಳೆಯದನ್ನೇ ಬಿಟ್ಟು ಹೋಗಿದ್ದರು. ಅದನ್ನು ಕಂಡುಹಿಡಿಯಲು ನನಗೆ ಅರ್ಧ ದಿನ ಹಿಡಿಯಿತು. ಫ್ಯಾಕ್ಸ್ ಸೇವೆಯನ್ನು ಒಮ್ಮೆ ನಿಲ್ಲಿಸಿ ಮತ್ತೆ ಆರಂಭಿಸಿ. ಹನ್ನೊಂದು ಕಂಪ್ಯೂಟರ್‌ಗಳಲ್ಲಿಯೂ ಲೊಕೇಶನ್ ಇದೇ ರೀತಿ ಇದೆಯೇ ಎಂದು ನೋಡಿಕೊಳ್ಳಿ. ಸರ್ವರ್ ಒಂದು ಹೇಳಿ ಕಂಪ್ಯೂಟರ್ ಇನ್ನೊಂದು ಹೇಳುವ ಸ್ಥಿತಿಯನ್ನು ಉಳಿಸಬೇಡಿ.

ಇನ್ನು ಮುಂದೆ ಯಾವ ಪದ್ಧತಿ ಇಟ್ಟುಕೊಳ್ಳಬೇಕು ಎಂಬುದು ನಿಮಗೆ ಬಿಟ್ಟದ್ದು. ಒಂದು ದಾರಿ, ಎಲ್ಲ ನಂಬರುಗಳನ್ನೂ +91 ಇರುವ ಪೂರ್ಣ ರೂಪದಲ್ಲಿಟ್ಟು ಸೊನ್ನೆ ಸೇರಿಸುವ ಕೆಲಸವನ್ನು ಸರ್ವರ್‌ಗೆ ಒಪ್ಪಿಸುವುದು. ನಾಳೆ ಲೈನ್ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು, ಆರಂಕಿಯ ನಂಬರು ತಪ್ಪು ಊರಿಗೆ ಹೋಗುವುದೂ ತಪ್ಪುತ್ತದೆ. ಆದರೆ ವಿಳಾಸ ಪುಸ್ತಕವನ್ನು ಕುಳಿತು ಸ್ವಚ್ಛಗೊಳಿಸದೆ ಇದು ನಡೆಯುವುದಿಲ್ಲ. ಒಂದು ನಂಬರಿನ ಕೋಡಿನಲ್ಲಿ 08482 ಎಂದು ಸೊನ್ನೆ ಉಳಿದರೂ ಅದು ಮತ್ತೆ 00 ಆಗುತ್ತದೆ. ಇನ್ನೊಂದು ದಾರಿ, ನಿಯಮವನ್ನೇ ಬಳಸದೆ ಒತ್ತಬೇಕಾದ ಅಂಕಿಗಳನ್ನು ಪೂರ್ತಿಯಾಗಿ ಬರೆಯುವುದು. ಹಿರಿಯ ವಕೀಲರು ಮಾಡುತ್ತಿರುವುದು ಇದನ್ನೇ, ಒಬ್ಬಿಬ್ಬರು ಬಳಸುವ ಕಡೆ ಇದು ಸಾಕು. ಒಂಬತ್ತು ಜನ ಬಳಸುವ ಕಡೆ ಒಬ್ಬರು ಕೋಡ್ ಮರೆತರೆ ಮತ್ತೆ ಯಾರದೋ ಮನೆಯ ಫೋನ್ ರಿಂಗ್ ಆಗುತ್ತದೆ. ಮೂರನೆಯದು, ಫ್ಯಾಕ್ಸನ್ನು ಮತ್ತೆ ಇಪಿಎಬಿಎಕ್ಸ್ ಹಿಂದೆ ಇಟ್ಟು ಅದರಿಂದಲೇ ಅಂಕಿ ಸೇರಿಸುವ, ತೆಗೆಯುವ ಕೆಲಸ ಮಾಡಿಸುವುದು. ಇದನ್ನು ನಾನು ನಿಮಗೆ ಸಲಹೆ ಮಾಡುವುದಿಲ್ಲ. ಲ್ಯಾಂಡ್‌ಲೈನ್‌ನಿಂದ ಮೊಬೈಲಿಗೆ ಸೊನ್ನೆ ಸೇರಿಸಬೇಕು ಎಂಬ ನಿಯಮ 2021ರ ಜನವರಿ 15ರಿಂದ ಜಾರಿಗೆ ಬಂದಾಗ, ಅಂಕಿ ಸೇರಿಸುವ ಕೆಲಸವನ್ನು ಇಪಿಎಬಿಎಕ್ಸ್‌ಗೇ ಒಪ್ಪಿಸಿದ ಕಚೇರಿಗಳಿವೆ. ಆ ಪೆಟ್ಟಿಗೆಯ ಪಾಸ್‌ವರ್ಡ್ ಯಾವಾಗಲೂ ಊರಲ್ಲಿಲ್ಲದ ತಂತ್ರಜ್ಞರ ಬಳಿ ಇರುತ್ತದೆ, ಅಲ್ಲಿ ಏನು ಬರೆದಿದೆ ಎಂದು ಯಾರಿಗೂ ಕಾಣುವುದಿಲ್ಲ. ವಿಳಾಸ ಪುಸ್ತಕ, ಕಂಪ್ಯೂಟರ್, ಸರ್ವರ್, ಇಪಿಎಬಿಎಕ್ಸ್ ಎಂಬ ನಾಲ್ಕು ಕೈಗಳಲ್ಲಿ ಸೊನ್ನೆ ಸೇರಿಸುವ ಕೈ ಒಂದೇ ಆಗಿರಬೇಕು. ನಿಮ್ಮ ಕಚೇರಿಗೆ ಅದು ಸರ್ವರ್ ಆಗಿರಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ವಿಳಾಸ ಪುಸ್ತಕವನ್ನು ತಿದ್ದುವಾಗ ನಮ್ಮ ಭಾಗದಲ್ಲಿ ವಿಶೇಷವಾಗಿ ಎರಡು ಕಡೆ ಕಣ್ಣಿಡಬೇಕು. 2014ರ ನವೆಂಬರ್ 1ರಂದು ಊರಿನ ಹೆಸರು ಗುಲ್ಬರ್ಗಾದಿಂದ ಕಲಬುರಗಿ ಆದ ಮೇಲೆ, ಒಂದೇ ಕಚೇರಿ ಎರಡೂ ಹೆಸರಿನಲ್ಲಿ ಎರಡು ಸಲ ನಮೂದಾಗಿರುವುದನ್ನು ಬಹಳ ಕಡೆ ನೋಡಿದ್ದೇನೆ. ಒಂದರಲ್ಲಿ ಕೋಡ್ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಯಾರು ಯಾವುದನ್ನು ಆರಿಸುತ್ತಾರೋ ಅದರ ಮೇಲೆ ಫ್ಯಾಕ್ಸಿನ ಹಣೆಬರಹ. ಎರಡನೆಯದು, ರಾಜ್ಯದೊಳಗಿನ ಕರೆಗೆ ಸೊನ್ನೆಯ ಬದಲು 95 ಒತ್ತುತ್ತಿದ್ದ ಕಾಲ ಒಂದಿತ್ತು. ಆಗ 95-8482 ಎಂದು ಬರೆದಿಟ್ಟ ನಂಬರುಗಳು ಹಳೆಯ ಕಚೇರಿಗಳಲ್ಲಿ ಇಂದಿಗೂ ಉಳಿದಿವೆ. ಈಗ ಆ ಪದ್ಧತಿಯಿಲ್ಲ, 95ರಿಂದ ಆರಂಭವಾಗುವ ಹತ್ತಂಕಿ ಎಂದರೆ ಮೊಬೈಲ್ ನಂಬರು. ಅಂಥವನ್ನು ಕಂಡ ಕೂಡಲೇ ತಿದ್ದಿ.

ಫೈಬರ್ ಮೇಲೆ ಫ್ಯಾಕ್ಸ್ ನಡೆಯುವುದಿಲ್ಲ ಎಂಬ ಮಾತು ಅರ್ಧ ನಿಜ. ಫೈಬರ್ ಪೆಟ್ಟಿಗೆ ಸದ್ದನ್ನು ಡೇಟಾ ಆಗಿ ಬದಲಾಯಿಸಿ ಕಳಿಸುತ್ತದೆ; ಮಾತಿಗೆಂದು ಹೆಚ್ಚು ಕುಗ್ಗಿಸಿದರೆ ಫ್ಯಾಕ್ಸಿನ ಸದ್ದು ಕೆಡುತ್ತದೆ. ಅದಕ್ಕಾಗಿಯೇ ಟಿ.38 ಎಂಬ ವಿಧಾನವಿದೆ, ನಿಮ್ಮ ಸೇವಾದಾರರು ಅದನ್ನು ಕೊಡುತ್ತಾರೆಯೇ ಎಂದು ಕೇಳಿ. ಆದರೆ ಆ ತೊಂದರೆಯ ಲಕ್ಷಣ ಬೇರೆ: ಸಂಪರ್ಕ ಸಿಗುತ್ತದೆ, ಎರಡು ಪುಟ ಹೋಗಿ ಮೂರನೆಯದರಲ್ಲಿ ನಿಲ್ಲುತ್ತದೆ. ಹಾಗಾದಾಗ ವೇಗವನ್ನು 14400ರಿಂದ 9600ಕ್ಕೆ ಇಳಿಸುವುದು ಕೆಲಸಕ್ಕೆ ಬರುತ್ತದೆ. ಸಂಪರ್ಕವೇ ಸಿಗದ ನಿಮ್ಮ ತೊಂದರೆಗೆ ವೇಗ ಇಳಿಸಿ ಪ್ರಯೋಜನವಿಲ್ಲ. ಇಲ್ಲಿ ನೋಡಬೇಕಾದದ್ದು ಅಲ್ಪವಿರಾಮ. ಇಪಿಎಬಿಎಕ್ಸ್ ಕಾಲದಲ್ಲಿ ಹೊರಗಿನ ಲೈನ್ ಸಿಗುವವರೆಗೆ ಕಾಯಲು ಸೊನ್ನೆಯ ನಂತರ ಒಂದೆರಡು ಅಲ್ಪವಿರಾಮಗಳನ್ನು ಬರೆಯುತ್ತಿದ್ದರು. ಒಂದು ಅಲ್ಪವಿರಾಮ ಸಾಮಾನ್ಯವಾಗಿ ಎರಡು ಸೆಕೆಂಡಿನ ತಡೆ. ಫೈಬರ್ ಪೆಟ್ಟಿಗೆಯಾದರೋ ಅಂಕಿಗಳ ನಡುವೆ ಕೆಲವು ಸೆಕೆಂಡು ಮೌನ ಬಿದ್ದರೆ ನಂಬರು ಮುಗಿಯಿತೆಂದು ತಿಳಿದು, ಬಂದಷ್ಟನ್ನೇ ಕಳಿಸಿಬಿಡಬಹುದು. ಹಳೆಯ ಅಲ್ಪವಿರಾಮಗಳು ಉಳಿದಿದ್ದರೆ ತೆಗೆಯಿರಿ.

ಲಿನಕ್ಸ್ ಮೇಲೆ ಹೈಲಾಫ್ಯಾಕ್ಸ್ ಎಂಬ ಫ್ಯಾಕ್ಸ್ ಸರ್ವರ್ ತಂತ್ರಾಂಶವನ್ನು ನಡೆಸುವ ಓದುಗರೂ ಇರಬಹುದು, ಅವರಿಗೊಂದು ಮಾತು. ಅದರ ಸಂರಚನಾ ಕಡತದಲ್ಲಿ ದೇಶದ ಕೋಡ್ 1, ವಿದೇಶಿ ಕರೆಯ ಪೂರ್ವಾಂಕಿ 011 ಎಂಬ ಅಮೆರಿಕದ ಪದ್ಧತಿ ಉಳಿದಿದ್ದರೆ, +91 ಎಂದು ಬರೆದ ನಮ್ಮ ನಂಬರುಗಳೆಲ್ಲ ಅದಕ್ಕೆ ವಿದೇಶವಾಗಿ ಕಾಣುತ್ತವೆ, ಅದು 011 ಸೇರಿಸಿ ಒತ್ತುತ್ತದೆ. ನಮ್ಮಲ್ಲಿ 011 ಎಂದರೆ ದೆಹಲಿ. ದೇಶದ ಕೋಡ್ 91, ಏರಿಯಾ ಕೋಡ್ 8472, ಎಸ್‌ಟಿಡಿಗೆ 0, ವಿದೇಶಕ್ಕೆ 00 ಎಂದು ನಾಲ್ಕನ್ನೂ ಕೈಯಾರೆ ಬರೆದು ನೋಡಿ.

ಎಲ್ಲ ತಿದ್ದಿದ ಮೇಲೆ ಕಕ್ಷಿದಾರರ ಕಾಗದದಿಂದ ಪರೀಕ್ಷೆ ಮಾಡಬೇಡಿ. 'ಪರೀಕ್ಷಾ ಪುಟ' ಎಂಬ ಒಂದೇ ಹಾಳೆಯನ್ನು ಮೊದಲು ಊರೊಳಗೆ, ಬಳಿಕ ಬೀದರಿಗೆ, ಯಾದಗಿರಿಗೆ, ಹೈದರಾಬಾದಿಗೆ, ಬೆಂಗಳೂರಿಗೆ ಕಳಿಸಿ, ಪ್ರತಿ ಸಲವೂ ಎದುರಿನವರಿಗೆ ಕರೆ ಮಾಡಿ ಹಾಳೆ ಕೈಗೆ ಬಂತೇ ಎಂದು ಕೇಳಿ. ಐದೂ ಕಡೆಯಿಂದ ಬಂತು ಎಂದಾದ ಮೇಲೆ ಮರುಪ್ರಯತ್ನದ ಸಂಖ್ಯೆಯನ್ನು ಹಿಂದಿನಂತೆ ಮಾಡಿ. ಕೊನೆಯದಾಗಿ, ಕಳಿಸಿದ ಫ್ಯಾಕ್ಸ್‌ಗಳ ಪಟ್ಟಿಯಲ್ಲಿ ಆ ಹಿರಿಯರ ಮನೆಯ ನಂಬರು ಯಾರ ಹೆಸರಿನ ಮುಂದಿದೆ ಎಂದು ಹುಡುಕಿ ಅಲ್ಲಿ 8482 ಸೇರಿಸಿ, ಅವರಿಗೆ ನೀವೇ ಫೋನ್ ಮಾಡಿ, ಇನ್ನು ಬರುವುದಿಲ್ಲ, ಬಂದರೆ ನನಗೇ ತಿಳಿಸಿ ಎಂದು ನಿಮ್ಮ ನಂಬರು ಕೊಡಿ.